ಪೋರ್ಚುಗೀಸಿನಲ್ಲಿ ‘ಈಚೆಗೆ ಹೀಗೆ ಮಾಡುತ್ತಾ ಬಂದಿದ್ದೇನೆ’ ಎನ್ನುವುದು ಹೇಗೆ?

ಗೋವಾದಲ್ಲಿ ನೆಲೆಸಿ ಪೋರ್ಚುಗೀಸ್ ಕಲಿಯಲು ಹೊರಟ ಕನ್ನಡಿಗರ ಉದ್ದೇಶಗಳು ಒಂದೇ ಬಗೆಯವಲ್ಲ. 1961ಕ್ಕಿಂತ ಹಿಂದಿನ ಜಮೀನು ಪತ್ರಗಳನ್ನು ತಾವೇ ಓದಿಕೊಳ್ಳಬೇಕೆಂಬವರು ಕೆಲವರು, ಗೋವಾ ವಿಶ್ವವಿದ್ಯಾಲಯದ ಪೋರ್ಚುಗೀಸ್ ವಿಭಾಗಕ್ಕೋ ಪಣಜಿಯ ಕಮೋಂಯ್ಶ್ ಭಾಷಾಕೇಂದ್ರಕ್ಕೋ ಸೇರಿದವರು ಕೆಲವರು, ಲಿಸ್ಬನ್ನಿನಲ್ಲಿ ಓದು ಅಥವಾ ಉದ್ಯೋಗವನ್ನು ಎದುರು ನೋಡುತ್ತಿರುವವರು ಮತ್ತೆ ಕೆಲವರು. ಆದರೆ ಮೊದಲ ಪಠ್ಯಪುಸ್ತಕ ಮುಗಿಸಿ ಎರಡನೆಯದಕ್ಕೆ ಕೈಹಾಕಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ‘ತೆನ್ಯು’ ಎಂದರೆ ಇಂಗ್ಲಿಷಿನ ‘ಹ್ಯಾವ್’, ‘ಕುಮೀದು’ ಎಂದರೆ ‘ಈಟನ್’; ಹೀಗಿರುವಾಗ ‘ನಾನು ಊಟ ಮಾಡಿದ್ದೇನೆ’ ಎನ್ನಲು ‘ತೆನ್ಯು ಕುಮೀದು’ ಎಂದರೆ ಅಧ್ಯಾಪಕರು ಏಕೆ ತಿದ್ದುತ್ತಾರೆ?

ತಿದ್ದುವುದಕ್ಕೆ ಕಾರಣ ಇಷ್ಟೇ. ‘ತೆನ್ಯು ಕುಮೀದು’ ಎಂಬುದು ಮುಗಿದ ಊಟವನ್ನು ಹೇಳುವುದಿಲ್ಲ. ‘ಈಚಿನ ದಿನಗಳಲ್ಲಿ ತಿನ್ನುತ್ತಾ ಬಂದಿದ್ದೇನೆ’ ಎಂಬ ರೂಢಿಯನ್ನು ಹೇಳುತ್ತದೆ. ಇದು ಕನ್ನಡಿಗರಿಗೆ ಕಷ್ಟದ ವಿಷಯವೇ ಅಲ್ಲ, ಏಕೆಂದರೆ ಈ ಭೇದ ನಮ್ಮ ಭಾಷೆಯಲ್ಲಿ ಮೊದಲೇ ಇದೆ. ಕಷ್ಟವಾಗುವುದು ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸಿಗೆ ಇಳಿಯುವವರಿಗೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಇಂಗ್ಲಿಷನ್ನು ಬದಿಗಿಟ್ಟು, ಕನ್ನಡ ವಾಕ್ಯದಿಂದ ನೇರವಾಗಿ ಪೋರ್ಚುಗೀಸ್ ವಾಕ್ಯಕ್ಕೆ ಹೋಗುವ ದಾರಿಯನ್ನು ಹಂತಹಂತವಾಗಿ ಕೊಟ್ಟಿದೆ.

ಮೊದಲೇ ತಿಳಿದಿರಬೇಕಾದುದು

ಮೂರು ವಿಷಯಗಳ ಪರಿಚಯ ನಿಮಗಿರಬೇಕು: ‘ತೇರ್’ ಎಂಬ ಕ್ರಿಯಾಪದದ ವರ್ತಮಾನ ರೂಪಗಳು, ‘ನಿನ್ನೆ ತಿಂದೆ’ ಎನ್ನುವಾಗ ಬಳಸುವ ಸರಳ ಭೂತಕಾಲ, ಮತ್ತು ‘ದಿನವೂ ತಿನ್ನುತ್ತೇನೆ’ ಎನ್ನುವಾಗಿನ ಸರಳ ವರ್ತಮಾನ. ಇವು ಮೊದಲ ಹಂತದ ಪಾಠಗಳಲ್ಲೇ ಬರುತ್ತವೆ. ನಾವು ಕಲಿಯಲಿರುವ ಕಾಲಕ್ಕೆ ಅವರ ವ್ಯಾಕರಣದಲ್ಲಿ ‘ಪ್ರೆತೆರಿತು ಪೆರ್ಫೆಯ್ತು ಕೊಂಪೋಶ್ತು’ ಎಂಬ ಉದ್ದನೆಯ ಹೆಸರಿದೆ. ಎರಡು ಪದ ಕೂಡಿ ಆಗುವ ಭೂತಕಾಲ ಎಂಬುದಷ್ಟೇ ಅದರ ಅರ್ಥ. ಇಲ್ಲಿ ಇದನ್ನು ಸಂಯುಕ್ತ ಕಾಲ ಎನ್ನುತ್ತೇನೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವುದು ಪೋರ್ಚುಗಲ್ಲಿನ ಉಚ್ಚಾರಣೆಗೆ ಹತ್ತಿರದ ರೂಪ, ಏಕೆಂದರೆ ಗೋವಾದ ತರಗತಿಗಳಲ್ಲಿ ಕಲಿಸುವುದು ಅದನ್ನೇ. ಪದದ ಕೊನೆಯ ‘ಒ’ ಅಕ್ಷರ ‘ಉ’ ಎಂದೂ, ಕೊನೆಯ ‘ಎಸ್’ ಅಕ್ಷರ ‘ಶ್’ ಎಂದೂ, ‘ಎನ್-ಎಚ್’ ಜೋಡಿ ನಮ್ಮ ‘ಞ’ದಂತೆಯೂ ಕೇಳಿಸುತ್ತದೆ. ‘ಟಿ’ ಮತ್ತು ‘ಡಿ’ ಅಕ್ಷರಗಳು ಇಂಗ್ಲಿಷಿನ ಟಕಾರ ಡಕಾರಗಳಲ್ಲ, ಅಪ್ಪಟ ತಕಾರ ದಕಾರಗಳು. ಇಲ್ಲಿ ಕನ್ನಡದ ನಾಲಿಗೆಗೆ ಅನುಕೂಲವೇ ಹೆಚ್ಚು. ಬ್ರೆಜಿಲಿನ ವೀಡಿಯೊಗಳನ್ನು ನೋಡುತ್ತಾ ಕಲಿಯುವವರಿಗೆ ‘ತಿ’ ‘ದಿ’ಗಳು ‘ಚಿ’ ‘ಜಿ’ ಎಂದು ಕೇಳಿಸಿದರೆ ಗಾಬರಿಯಾಗಬೇಕಿಲ್ಲ. ಈ ಕಾಲದ ಅರ್ಥದಲ್ಲಿ ಎರಡು ದೇಶಗಳ ನಡುವೆ ಮುಖ್ಯವಾದ ವ್ಯತ್ಯಾಸವಿಲ್ಲ. ಕಾಗುಣಿತಕ್ಕೆ ಮಾತ್ರ ಪಠ್ಯಪುಸ್ತಕವನ್ನೇ ನೋಡಬೇಕು.

1. ಮೊದಲು ಕನ್ನಡದಲ್ಲಿ ಪರೀಕ್ಷಿಸಿಕೊಳ್ಳಿ

ಉಳಿದೆಲ್ಲ ಹಂತಗಳಿಗಿಂತ ಇದು ದೊಡ್ಡದು. ಇಲ್ಲಿ ಎಡವಿದರೆ ಮುಂದೆ ವ್ಯಾಕರಣ ಎಷ್ಟೇ ಸರಿಯಿದ್ದರೂ ವಾಕ್ಯ ಬೇರೆಯದೇ ಅರ್ಥ ಕೊಡುತ್ತದೆ. ‘ಓದು’ ಎಂಬ ಕ್ರಿಯೆಯನ್ನು ಕನ್ನಡದಲ್ಲಿ ನಾಲ್ಕು ಬಗೆಯಾಗಿ ಹೇಳಿ ನೋಡಿ.

‘ಈ ಪುಸ್ತಕ ಓದಿದ್ದೇನೆ’ ಎಂದರೆ ಓದು ಮುಗಿದಿದೆ. ಪೋರ್ಚುಗೀಸಿನಲ್ಲಿ ಇದಕ್ಕೆ ಸರಳ ಭೂತಕಾಲವೇ ಸಾಕು: ‘ಜಾ ಲೀ ಎಶ್ತ್ ಲೀವ್ರು’. ‘ಜಾ’ ಎಂದರೆ ‘ಆಗಲೇ’. ಅಂದರೆ ‘ಓದಿದೆ’ ಮತ್ತು ‘ಓದಿದ್ದೇನೆ’ ಎಂಬ ನಮ್ಮ ಎರಡು ರೂಪಗಳಿಗೂ ಅವರಲ್ಲಿ ‘ಲೀ’ ಎಂಬ ಒಂದೇ ರೂಪ.

‘ಓದುತ್ತೇನೆ’, ‘ಓದುತ್ತಿರುತ್ತೇನೆ’ ಎಂದರೆ ಕಾಲದ ಗಡಿಯಿಲ್ಲದ ಸ್ವಭಾವ. ಇದಕ್ಕೆ ‘ಲೇಯು’ ಎಂಬ ಸರಳ ವರ್ತಮಾನ, ಅಥವಾ ಸ್ವಲ್ಪ ಒತ್ತಿ ಹೇಳುವುದಾದರೆ ‘ಕುಶ್ತೂಮು ಲೇರ್’, ಅಂದರೆ ‘ಓದುವ ರೂಢಿಯುಂಟು’.

‘ಈಗ ಓದುತ್ತಾ ಇದ್ದೇನೆ, ಆಮೇಲೆ ಕರೆ ಮಾಡು’ ಎಂದರೆ ಈ ಕ್ಷಣದ ಕೆಲಸ. ಇದಕ್ಕೆ ‘ಇಶ್ತೋ ಅ ಲೇರ್’.

‘ಈಚೆಗೆ ಕೆಲವು ವಾರಗಳಿಂದ ಪತ್ರಿಕೆ ಓದುತ್ತಾ ಬಂದಿದ್ದೇನೆ’ ಎಂದರೆ ಹತ್ತಿರದ ಭೂತದಲ್ಲಿ ಎಲ್ಲೋ ಶುರುವಾಗಿ, ಮತ್ತೆ ಮತ್ತೆ ನಡೆದು, ಇಂದಿನವರೆಗೂ ನಿಲ್ಲದ ರೂಢಿ. ಇದೊಂದಕ್ಕೆ ಮಾತ್ರ ನಮ್ಮ ಸಂಯುಕ್ತ ಕಾಲ: ‘ತೆನ್ಯು ಲೀದು ಉ ಜುರ್ನಾಲ್’.

ತೊಡಕು ಬರುವುದು ‘ಓದುತ್ತಿದ್ದೇನೆ’ ಎಂಬ ರೂಪದಿಂದ. ಆಡುಮಾತಿನಲ್ಲಿ ನಾವು ಅದನ್ನು ಈ ಕ್ಷಣದ ಕೆಲಸಕ್ಕೂ ಈಚಿನ ರೂಢಿಗೂ ಸಮನಾಗಿ ಬಳಸುತ್ತೇವೆ. ಅನುಮಾನ ಬಂದಾಗ ಆ ಜಾಗದಲ್ಲಿ ‘ಓದುತ್ತಾ ಬಂದಿದ್ದೇನೆ’ ಎಂದು ಹಾಕಿ ಓದಿಕೊಳ್ಳಿ. ವಾಕ್ಯ ಕೆಡದೆ ನಿಂತರೆ ‘ತೆನ್ಯು’ ಬರುತ್ತದೆ. ‘ಬಾಗಿಲು ತೆರೆಯಲು ಹೋಗುತ್ತಾ ಬಂದಿದ್ದೇನೆ’ ಎಂಬಂತೆ ನಗೆಪಾಟಲಾದರೆ ಬರುವುದಿಲ್ಲ.

2. ‘ತೇರ್’ನ ಸರಿಯಾದ ರೂಪವನ್ನು ಇಡಿ

ಸಂಯುಕ್ತ ಕಾಲದಲ್ಲಿ ಎರಡು ಪದಗಳಿರುತ್ತವೆ. ಮೊದಲನೆಯದು ಸಹಾಯಕ ಕ್ರಿಯಾಪದ. ಯಾರು ಮಾಡಿದರು, ಎಷ್ಟು ಮಂದಿ ಎಂಬುದನ್ನು ತೋರಿಸುವ ಕೆಲಸ ಅದರದು. ನಾನು: ತೆನ್ಯು. ನೀನು: ತೆಂಯ್ಶ್. ಅವನು, ಅವಳು, ಗೌರವದ ನೀವು: ತೆಂಯ್. ನಾವು: ತೆಮುಶ್. ಅವರು, ಬಹುವಚನದ ನೀವು: ತೆಂಯೆಂಯ್.

ಗೌರವದ ‘ನೀವು’ ಒಬ್ಬರಿಗೇ ಹೇಳಿದ್ದಾದರೆ ಏಕವಚನದ ‘ತೆಂಯ್’ ಎಂಬುದನ್ನು ಗಮನಿಸಿ. ಕನ್ನಡದ ಅಭ್ಯಾಸದಿಂದ ಬಹುವಚನ ಹಾಕುವವರು ಬಹಳ. ಬರವಣಿಗೆಯಲ್ಲಿ ಏಕವಚನದ ‘ತೆಂಯ್’ಗೂ ಬಹುವಚನದ ‘ತೆಂಯೆಂಯ್’ಗೂ ಇರುವ ವ್ಯತ್ಯಾಸವೆಂದರೆ ‘ಇ’ (e) ಅಕ್ಷರದ ಮೇಲಿನ ಟೋಪಿಯಂಥ ಗುರುತು ಮಾತ್ರ. ಪರೀಕ್ಷೆ ಬರೆಯುವವರು ಅದನ್ನು ಮರೆಯಬಾರದು.

‘ಹ್ಯಾವ್’ಗೆ ಸಮೀಪವಾದ ಇನ್ನೊಂದು ಕ್ರಿಯಾಪದ ಪೋರ್ಚುಗೀಸಿನಲ್ಲಿದೆ, ಅದು ‘ಅವೇರ್’. ಹಳೆಯ ಬರವಣಿಗೆಯಲ್ಲಿ ಅದೂ ಸಹಾಯಕವಾಗಿ ಬರುತ್ತದೆ. ‘ಅವಿಯ ಫಲಾದು’ ಎಂದು ಕಂಡರೆ ‘ಮಾತನಾಡಿದ್ದ’ ಎಂದು ಓದಿಕೊಳ್ಳಬೇಕು. ನೀವು ಮಾತನಾಡುವಾಗ ‘ತೇರ್’ ಒಂದೇ ಸಾಕು.

3. ಭೂತಕೃದಂತವನ್ನು ಕಟ್ಟಿ

ಎರಡನೆಯ ಪದ ಭೂತಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿ ‘ಮಾಡಿದ’, ‘ಓದಿದ’ ಎಂಬ ಅರ್ಥ ಕೊಡುವ ರೂಪ. ‘ಆರ್’ನಿಂದ ಮುಗಿಯುವ ಕ್ರಿಯಾಪದಕ್ಕೆ ‘ಆದು’, ‘ಏರ್’ ಮತ್ತು ‘ಈರ್’ಗಳಿಂದ ಮುಗಿಯುವುದಕ್ಕೆ ‘ಈದು’. ಹೀಗೆ ಫಲಾರ್ (ಮಾತನಾಡು) ಫಲಾದು ಆಗುತ್ತದೆ, ತ್ರಬಲ್ಯಾರ್ (ದುಡಿ) ತ್ರಬಲ್ಯಾದು, ಕುಮೇರ್ (ತಿನ್ನು) ಕುಮೀದು, ದುರ್ಮೀರ್ (ಮಲಗು) ದುರ್ಮೀದು.

ನಿಯಮ ಮೀರುವವು ಹೆಚ್ಚಿಲ್ಲ, ಆದರೆ ದಿನಬಳಕೆಯ ಪದಗಳೇ ಆಗಿರುವುದರಿಂದ ಬಾಯಿಪಾಠ ಮಾಡಿಕೊಳ್ಳದೆ ಗತ್ಯಂತರವಿಲ್ಲ: ಮಾಡಿದ ಎನ್ನಲು ಫೆಯ್ತು, ಹೇಳಿದ ಎನ್ನಲು ದೀತು, ನೋಡಿದ ವೀಶ್ತು, ಬರೆದ ಇಶ್ಕ್ರೀತು, ಇಟ್ಟ ಪೋಶ್ತು, ತೆರೆದ ಅಬೆರ್ತು, ಬಂದ ವಿಂದು. ಇವುಗಳನ್ನು ‘ಫಜೀದು’, ‘ದಿಜೀದು’ ಎಂದು ನಿಯಮದಂತೆ ಕಟ್ಟಿದರೆ ಮಕ್ಕಳ ಮಾತಿನಂತಾಗುತ್ತದೆ.

ಕೆಲವು ಕ್ರಿಯಾಪದಗಳಿಗೆ ಎರಡೆರಡು ಕೃದಂತಗಳಿವೆ. ಹಣ ಕೊಡುವುದಕ್ಕೆ ‘ಪಗಾದು’ ಎಂಬ ಉದ್ದ ರೂಪವೂ ‘ಪಾಗು’ ಎಂಬ ಗಿಡ್ಡ ರೂಪವೂ ಉಂಟು. ‘ತೇರ್’ ಜೊತೆ ಉದ್ದ ರೂಪ ಬರಬೇಕೆಂಬುದು ವ್ಯಾಕರಣದ ಸಾಮಾನ್ಯ ಸೂತ್ರ. ಆದರೆ ಪಾಗು (ಕೊಟ್ಟ), ಗಾಶ್ತು (ಖರ್ಚಾದ), ಗಾನ್ಯು (ಗಳಿಸಿದ) ಎಂಬ ಮೂರರಲ್ಲಿ ಇಂದು ಗಿಡ್ಡ ರೂಪವೇ ಬಳಕೆಯಲ್ಲಿ ಗೆದ್ದಿದೆ. ‘ತೆನ್ಯು ಗಾಶ್ತು ಮುಂಯ್ತು’, ಅಂದರೆ ‘ಈಚೆಗೆ ಬಹಳ ಖರ್ಚು ಮಾಡುತ್ತಿದ್ದೇನೆ’, ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. ಮಾಡಿದವಳು ಹೆಂಗಸಾಗಲಿ, ಮಾಡಿದವರು ಹತ್ತು ಜನರಾಗಲಿ, ‘ತೇರ್’ ಜೊತೆಯ ಕೃದಂತ ಬದಲಾಗುವುದಿಲ್ಲ. ‘ಎಲ ತೆಂಯ್ ಇಶ್ತುದಾದು’, ಅವಳು ಓದುತ್ತಾ ಬಂದಿದ್ದಾಳೆ. ‘ಇಶ್ತುದಾದ’ ಎಂದು ಸ್ತ್ರೀಲಿಂಗ ಮಾಡಿದರೆ ತಪ್ಪು. ಬದಲಾಯಿಸಿದರೆ ವಾಕ್ಯದ ಅರ್ಥವೇ ಬದಲಾಗುವ ಸಂದರ್ಭವೂ ಇದೆ. ‘ತೆನ್ಯು ಇಶ್ಕ್ರೀತು ಕಾರ್ತಶ್’ ಎಂದರೆ ‘ಈಚೆಗೆ ಕಾಗದಗಳನ್ನು ಬರೆಯುತ್ತಾ ಬಂದಿದ್ದೇನೆ’. ‘ತೆನ್ಯು ಅಶ್ ಕಾರ್ತಜ್ ಇಶ್ಕ್ರೀತಶ್’ ಎಂದರೆ ‘ಕಾಗದಗಳು ಬರೆದು ಸಿದ್ಧವಾಗಿವೆ, ನನ್ನ ಬಳಿ ಇವೆ’. ಎರಡನೆಯದರಲ್ಲಿ ಕೃದಂತವು ಕಾಗದಗಳ ಲಿಂಗ ವಚನಗಳನ್ನು ಹೊತ್ತಿದೆ, ಕರ್ಮಪದ ನಡುವೆ ಕುಳಿತಿದೆ, ‘ತೆನ್ಯು’ ಸಹಾಯಕವಾಗಿರದೆ ‘ನನ್ನಲ್ಲಿದೆ’ ಎಂಬ ತನ್ನ ಮೂಲ ಅರ್ಥದಲ್ಲೇ ಇದೆ. ಈ ಎರಡನೆಯ ಬಗೆಯೇ ಹಳೆಯದು. ಅದರಿಂದಲೇ ಕಾಲಕ್ರಮದಲ್ಲಿ ಮೊದಲನೆಯದು ಬೆಳೆದು ಬಂತು.

4. ಕಾಲಸೂಚಕ ಪದವನ್ನು ಆರಿಸಿ

ರೂಢಿಯನ್ನು ಹೇಳುವ ವಾಕ್ಯಕ್ಕೆ ‘ಯಾವಾಗಿನಿಂದ’ ಎಂಬ ಚೌಕಟ್ಟು ಬೇಕು. ಚೆನ್ನಾಗಿ ಹೊಂದುವ ಪದಗಳು: ಉಲ್ತಿಮಮೆಂತ್ (ಈಚಿನ ದಿನಗಳಲ್ಲಿ), ನುಜ್ ಊಲ್ತಿಮುಜ್ ದೀಯಶ್ (ಕಳೆದ ಕೆಲವು ದಿನಗಳಲ್ಲಿ), ಎಶ್ತ ಸೆಮಾನ (ಈ ವಾರ), ಎಶ್ತ್ ಮೇಶ್ (ಈ ತಿಂಗಳು), ದೇಜ್ದ್ ಜನೇಯ್ರು (ಜನವರಿಯಿಂದ), ತೋದುಜ್ ಉಜ್ ದೀಯಶ್ (ದಿನವೂ). ಹೊಂದದ ಪದಗಳು ಮುಗಿದುಹೋದ ಕಾಲವನ್ನು ಬೆರಳಿಟ್ಟು ತೋರಿಸುವವು: ಓಂತೆಂಯ್ (ನಿನ್ನೆ), ಕಳೆದ ಸೋಮವಾರ, 2015ರಲ್ಲಿ. ಇವುಗಳ ಜೊತೆ ಸರಳ ಭೂತಕಾಲವೇ ಬರಬೇಕು.

ಕನ್ನಡಿಗರಿಗೇ ವಿಶೇಷವಾದ ಒಂದು ಗುಂಡಿ ಇಲ್ಲಿದೆ. ನಮ್ಮ ‘ಇತ್ತೀಚೆಗೆ’ ಎರಡು ಕೆಲಸ ಮಾಡುತ್ತದೆ. ‘ಇತ್ತೀಚೆಗೆ ಹುಬ್ಬಳ್ಳಿಗೆ ಹೋಗಿದ್ದೆ’ ಎನ್ನುವಾಗ ಅದು ಹತ್ತಿರದಲ್ಲಿ ಒಮ್ಮೆ ನಡೆದು ಮುಗಿದದ್ದನ್ನು ಸೂಚಿಸುತ್ತದೆ. ‘ಇತ್ತೀಚೆಗೆ ಬಸ್ಸಿನಲ್ಲೇ ಹೋಗುತ್ತಿದ್ದೇನೆ’ ಎನ್ನುವಾಗ ಮುಂದುವರಿಯುತ್ತಿರುವ ರೂಢಿಯನ್ನು. ಮೊದಲನೆಯದಕ್ಕೆ ಪೋರ್ಚುಗೀಸಿನಲ್ಲಿ ‘ರೆಸೆಂತಮೆಂತ್’ ಅಥವಾ ‘ಆ ಪೋಕು ತೆಂಪು’ ಎಂದು ಹೇಳಿ ಸರಳ ಭೂತಕಾಲ ಬಳಸಬೇಕು. ಎರಡನೆಯದಕ್ಕೆ ‘ಉಲ್ತಿಮಮೆಂತ್’ ಮತ್ತು ಸಂಯುಕ್ತ ಕಾಲ. ನಿಘಂಟಿನಲ್ಲಿ ‘ಇತ್ತೀಚೆಗೆ’ ಎಂದು ಹುಡುಕಿ ಮೊದಲು ಸಿಕ್ಕ ಪದವನ್ನು ಎತ್ತಿಕೊಳ್ಳುವವರು ಇದನ್ನು ನೆನಪಿಡಬೇಕು.

5. ನಿರಾಕರಣೆ, ಪ್ರಶ್ನೆ, ಸರ್ವನಾಮ

‘ನಾಂವ್’ ಎಂಬ ನಿಷೇಧಪದ ಸಹಾಯಕಕ್ಕಿಂತ ಮೊದಲು ಬರುತ್ತದೆ: ‘ನಾಂವ್ ತೆನ್ಯು ದುರ್ಮೀದು ಬೆಂಯ್’, ಈಚೆಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಪ್ರಶ್ನೆಗೆ ಬೇರೆ ಏರ್ಪಾಡು ಬೇಕಿಲ್ಲ. ಬಹಳ ದಿನಗಳ ಮೇಲೆ ಸಿಕ್ಕ ಸ್ನೇಹಿತರನ್ನು ಮಾತನಾಡಿಸುವಾಗ ಕೇಳುವುದೇ ಈ ಕಾಲದಲ್ಲಿ: ‘ಉ ಕೆ ತೆಂಯ್ಶ್ ಫೆಯ್ತು?’, ಏನು ಮಾಡಿಕೊಂಡಿದ್ದೀಯ ಈಚೆಗೆ? ಹಿರಿಯರಿಗಾದರೆ ‘ಕೋಮು ತೆಂಯ್ ಪಸಾದು?’, ಹೇಗಿದ್ದೀರಿ ಈಚಿನ ದಿನಗಳಲ್ಲಿ? ಪಣಜಿಯ ಫೊಂತಾಯ್ನಶ್ ಬಡಾವಣೆಯಲ್ಲೋ ಮಡಗಾಂವಿನ ಹಳೆಯ ಮನೆಗಳಲ್ಲೋ ಪೋರ್ಚುಗೀಸ್ ಬಲ್ಲ ಹಿರಿಯರು ಸಿಕ್ಕರೆ ಈ ಒಂದು ವಾಕ್ಯದಿಂದ ಮಾತು ಸಲೀಸಾಗಿ ಆರಂಭವಾಗುತ್ತದೆ.

‘ಏಳು’, ‘ಕುಳಿತುಕೊಳ್ಳು’ ಮುಂತಾದ ಕೆಲವು ಕ್ರಿಯಾಪದಗಳ ಜೊತೆ ‘ಮೆ’ (ನನ್ನನ್ನು) ಎಂಬ ಪುಟ್ಟ ಸರ್ವನಾಮ ಸೇರುತ್ತದೆ. ಅದು ಅಂಟಿಕೊಳ್ಳುವುದು ಸಹಾಯಕಕ್ಕೆ, ಕೃದಂತಕ್ಕೆ ಎಂದಿಗೂ ಅಲ್ಲ: ‘ತೆನ್ಯು-ಮೆ ಲೆವಂತಾದು ಸೇದು’, ಈಚೆಗೆ ಬೇಗ ಏಳುತ್ತಿದ್ದೇನೆ. ‘ನಾಂವ್’ ಬಂದರೆ ಆ ಸರ್ವನಾಮ ಮುಂದಕ್ಕೆ ಜಿಗಿಯುತ್ತದೆ: ‘ನಾಂವ್ ಮೆ ತೆನ್ಯು ಲೆವಂತಾದು ಸೇದು’. ಬ್ರೆಜಿಲಿನವರ ಕ್ರಮ ಇದಕ್ಕಿಂತ ಸಡಿಲ. ಒಂದನ್ನು ಕಲಿತು ಗಟ್ಟಿಯಾಗುವವರೆಗೆ ಇನ್ನೊಂದನ್ನು ಬೆರೆಸದಿರುವುದು ಒಳ್ಳೆಯದು.

6. ಬಳಸಬಾರದ ಕಡೆಗಳನ್ನು ಗುರುತಿಸಿ

ಒಂದೇ ಸಲ ಆಗುವ ಕ್ರಿಯೆಗಳ ಜೊತೆ ಈ ಕಾಲ ಬಂದರೆ ಏನಾಗುತ್ತದೆಂಬುದನ್ನು ಮೊದಲು ನೋಡಿ. ‘ಪೆರ್ದೀ ಉ ಅವ್ತುಕಾರು’ ಎಂದರೆ ‘ಬಸ್ಸು ತಪ್ಪಿಹೋಯಿತು’. ‘ತೆನ್ಯು ಪೆರ್ದೀದು ಉ ಅವ್ತುಕಾರು’ ಎಂದರೆ ‘ಈಚೆಗೆ ಮತ್ತೆ ಮತ್ತೆ ಬಸ್ಸು ತಪ್ಪುತ್ತಿದೆ’. ಎರಡೂ ಸರಿಯಾದ ವಾಕ್ಯಗಳೇ, ಆದರೆ ತಡವಾಗಿ ಬಂದದ್ದಕ್ಕೆ ಮೇಲಧಿಕಾರಿಗೆ ಕಾರಣ ಕೊಡುವಾಗ ಎರಡನೆಯದನ್ನು ಹೇಳಿದರೆ ನಿಮ್ಮ ಮೇಲೆ ನೀವೇ ದೂರು ಕೊಟ್ಟಂತೆ. ಪುನರಾವರ್ತನೆಗೆ ಅವಕಾಶವೇ ಇಲ್ಲದ ಕಡೆ ವಾಕ್ಯ ಅಸಂಬದ್ಧವಾಗುತ್ತದೆ: ‘ಅಜ್ಜ ತೀರಿಕೊಂಡಿದ್ದಾರೆ’ ಎನ್ನಲು ‘ತೆಂಯ್ ಮುರೀದು’ ಎಂದರೆ ಅಜ್ಜ ಈಚೆಗೆ ಆಗಾಗ ತೀರಿಕೊಳ್ಳುತ್ತಿದ್ದಾರೆ ಎಂದಾಗುತ್ತದೆ. ಅಲ್ಲಿ ಬೇಕಾದುದು ‘ಮುರೇವ್’ ಎಂಬ ಸರಳ ಭೂತ.

ಎರಡನೆಯದು ಎಣಿಕೆ. ‘ಈ ವಾರ ಮಾರುಕಟ್ಟೆಗೆ ಮೂರು ಸಲ ಹೋಗಿದ್ದೇನೆ’ ಎನ್ನುವಾಗ ಪುನರಾವರ್ತನೆ ಇದ್ದೇ ಇದೆ, ಆದ್ದರಿಂದ ‘ತೆನ್ಯು ಈದು’ ಬರಬೇಕಲ್ಲವೇ ಎಂದು ಜಾಣ ವಿದ್ಯಾರ್ಥಿಗಳೇ ವಾದಿಸುತ್ತಾರೆ. ಬರುವುದಿಲ್ಲ. ಮೂರು ಎಂದು ಎಣಿಸಿದ ಕೂಡಲೇ ಲೆಕ್ಕ ಮುಚ್ಚಿದಂತಾಯಿತು. ಈ ಕಾಲಕ್ಕೆ ಬೇಕಾದುದು ಮುಚ್ಚದ ಲೆಕ್ಕ. ಆದ್ದರಿಂದ ‘ಎಶ್ತ ಸೆಮಾನ ಫುಯ್ ತ್ರೇಶ್ ವೇಜಶ್ ಆವ್ ಮೆರ್ಕಾದು’. ಆದರೆ ‘ವಾರಕ್ಕೆ ಮೂರು ಸಲ ಹೋಗುತ್ತಾ ಬಂದಿದ್ದೇನೆ’ ಎಂದರೆ ಅದು ಒಟ್ಟು ಎಣಿಕೆಯಲ್ಲ, ರೂಢಿಯ ವೇಗ. ಅಲ್ಲಿ ‘ತೆನ್ಯು ಈದು ಆವ್ ಮೆರ್ಕಾದು ತ್ರೇಶ್ ವೇಜಶ್ ಪುರ್ ಸೆಮಾನ’ ಎಂಬುದು ಸರಿ. ಕನ್ನಡವೇ ಇಲ್ಲಿಯೂ ದಾರಿ ತೋರಿಸುತ್ತದೆ: ‘ಒಟ್ಟು ಮೂರು ಸಲ ಹೋಗುತ್ತಾ ಬಂದಿದ್ದೇನೆ’ ಎಂದು ನಾವು ಹೇಳುವುದಿಲ್ಲ.

ಮೂರನೆಯದು ಜೀವನಾನುಭವದ ಮಾತು. ‘ಲಿಸ್ಬನ್ನಿಗೆ ಹೋಗಿದ್ದೀಯಾ?’ ಎಂಬುದಕ್ಕೆ ‘ಜಾ ಫೋಶ್ತ್ ಅ ಲಿಜ್ಬೋಅ?’, ‘ಹೋಗಿಯೇ ಇಲ್ಲ’ ಎಂಬುದಕ್ಕೆ ‘ನುಂಕ ಫುಯ್’. ಇಂಗ್ಲಿಷಿನ ‘ಎವರ್’, ‘ನೆವರ್’ಗಳ ಜೊತೆ ‘ಹ್ಯಾವ್’ ಬರುವುದನ್ನು ಕಲಿತ ಮನಸ್ಸು ಇಲ್ಲಿ ಹಟ ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಕಾಗುವ ವಾಕ್ಯವೂ ಈ ಗುಂಪಿನದೇ. ನಮ್ಮ ‘ಊಟ ಆಯ್ತಾ?’ ಎಂಬ ಕುಶಲ ಪ್ರಶ್ನೆ ಪೋರ್ಚುಗೀಸಿನಲ್ಲಿ ‘ಜಾ ಅಲ್ಮುಸಾಶ್ತ್?’, ‘ಆಯ್ತು’ ಎಂಬ ಉತ್ತರ ‘ಜಾ ಅಲ್ಮುಸೇಯ್’. ನಾವು ಕೇಳುವಾಗಲೂ ಸರಳ ಭೂತವನ್ನೇ ಬಳಸುತ್ತೇವೆ, ಅವರೂ ಅದನ್ನೇ ಬಳಸುತ್ತಾರೆ. ‘ಈಗ ತಾನೇ ಬಂದೆ’ ಎನ್ನಲು ‘ಅಕಬೇಯ್ ದೆ ಶೆಗಾರ್’ ಎಂಬ ಬೇರೆಯೇ ರಚನೆ ಇದೆ.

ನಾಲ್ಕನೆಯದು, ‘ಇಷ್ಟು ವರ್ಷದಿಂದ’ ಎಂಬ ಸ್ಥಿರ ಸ್ಥಿತಿ. ‘ಮೂರು ವರ್ಷದಿಂದ ಪೋರ್ಚುಗೀಸ್ ಕಲಿಯುತ್ತಿದ್ದೇನೆ’, ‘2019ರಿಂದ ಗೋವಾದಲ್ಲಿ ವಾಸವಾಗಿದ್ದೇನೆ’ ಎಂಬಲ್ಲಿ ನಾವು ವರ್ತಮಾನವನ್ನು ಬಳಸುತ್ತೇವಲ್ಲವೇ? ಅವರೂ ಹಾಗೆಯೇ: ‘ಇಶ್ತೂದು ಪುರ್ತುಗೇಶ್ ಆ ತ್ರೇಜ್ ಆನುಶ್’, ‘ಮೋರು ಎಂಯ್ ಗೋವ ದೇಜ್ದ್ 2019’. ಕಾಲದ ಉದ್ದವನ್ನು ಹೇಳುವಾಗ ‘ಆ’, ಶುರುವಾದ ಗಳಿಗೆಯನ್ನು ಹೇಳುವಾಗ ‘ದೇಜ್ದ್’. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಒಂದೇ ಇರುವುದರಿಂದ ಈ ಭೇದವನ್ನು ಮಾತ್ರ ಹೊಸದಾಗಿ ಕಲಿಯಬೇಕು.

ಆರೋಗ್ಯ, ಹವೆ ಮುಂತಾದ ತಾತ್ಕಾಲಿಕ ಸ್ಥಿತಿಗಳಿಗೆ ಸಂಯುಕ್ತ ಕಾಲ ಒಪ್ಪುತ್ತದೆ: ‘ತೆನ್ಯು ಇಶ್ತಾದು ದುಯೆಂತ್’, ಕೆಲವು ದಿನಗಳಿಂದ ಮೈ ಸರಿಯಿಲ್ಲ. ಇಲ್ಲಿ ಪುನರಾವರ್ತನೆಗಿಂತ ಎಡೆಬಿಡದಿರುವಿಕೆಯೇ ಮುಖ್ಯ.

ಕೊನೆಯದಾಗಿ, ಕಲಿತವರೂ ಎಡವುವ ಒಂದು ತಾಣ. ‘ಇದೆ, ಉಂಟು’ ಎಂಬ ಅರ್ಥದ ‘ಅವೇರ್’ಗೆ ಕರ್ತೃವಿಲ್ಲ, ಆದ್ದರಿಂದ ಅದು ಸದಾ ಏಕವಚನ. ‘ಈಚೆಗೆ ಬಹಳ ಅಪಘಾತಗಳಾಗುತ್ತಿವೆ’ ಎಂಬುದು ‘ತೆಂಯ್ ಅವೀದು ಮುಂಯ್ತುಜ್ ಅಸಿದೆಂತಶ್’. ಅಪಘಾತಗಳು ಬಹುವಚನವೆಂದು ‘ತೆಂಯೆಂಯ್ ಅವೀದು’ ಎಂದು ಬರೆಯಬಾರದು. ಪೋರ್ಚುಗೀಸ್ ಮಾತೃಭಾಷೆಯವರೂ ಈ ತಪ್ಪು ಮಾಡುವುದುಂಟು.

7. ಬದಲಿ ರಚನೆಗಳನ್ನು ಅರಿತಿರಿ

ಇದೇ ಅರ್ಥಕ್ಕೆ ಆಡುಮಾತಿನಲ್ಲಿ ಇನ್ನೆರಡು ದಾರಿಗಳಿವೆ. ಪೋರ್ಚುಗಲ್ಲಿನಲ್ಲಿ ‘ಆಂದು ಅ ಲೇರ್’ ಎಂದು ಬಹಳ ಕೇಳಿಸುತ್ತದೆ. ‘ಅಂದಾರ್’ ಎಂದರೆ ನಡೆ, ಓಡಾಡು. ಒಟ್ಟಿನಲ್ಲಿ ‘ಓದಿಕೊಂಡು ಓಡಾಡುತ್ತಿದ್ದೇನೆ’ ಎಂಬಂಥ ಸಲುಗೆಯ ಮಾತು. ಎರಡನ್ನೂ ಬೆಸೆದು ‘ತೆನ್ಯು ಅಂದಾದು ಅ ಲೇರ್’ ಎನ್ನುವುದೂ ಉಂಟು. ಇನ್ನೊಂದು ‘ವೀರ್’, ಅಂದರೆ ‘ಬಾ’ ಎಂಬ ಕ್ರಿಯಾಪದದಿಂದ ಆಗುವುದು: ‘ವೆನ್ಯು ದಿಜೆಂದು’, ಪದಕ್ಕೆ ಪದ ನಮ್ಮ ‘ಹೇಳುತ್ತಾ ಬಂದಿದ್ದೇನೆ’. ವರ್ಷಾನುಗಟ್ಟಲೆ ಎಳೆದು ಬಂದ ವಿಷಯಗಳಿಗೆ ಇದು ಹೆಚ್ಚು ಒಪ್ಪುತ್ತದೆ, ಬರವಣಿಗೆಯಲ್ಲಿ ಗಾಂಭೀರ್ಯವೂ ಇದೆ. ಹೊಸಬರು ಮೊದಲು ‘ತೆನ್ಯು’ವನ್ನು ಹಿಡಿತಕ್ಕೆ ತಂದುಕೊಂಡು, ಇವುಗಳನ್ನು ಕೇಳಿದಾಗ ಗುರುತಿಸುವಷ್ಟು ಕಲಿತರೆ ಸದ್ಯಕ್ಕೆ ಸಾಕೆಂಬುದು ನನ್ನ ಅಭಿಪ್ರಾಯ.

8. ಉಳಿದ ಸಂಯುಕ್ತ ಕಾಲಗಳಿಗೆ ಈ ಅರ್ಥವನ್ನು ಹೊರಿಸಬೇಡಿ

‘ತೇರ್’ ಜೊತೆ ಕೃದಂತ ಸೇರಿದಲ್ಲೆಲ್ಲ ರೂಢಿಯ ಅರ್ಥ ಬರುತ್ತದೆಂದು ತಿಳಿಯುವುದು ಇನ್ನೊಂದು ತುದಿಯ ತಪ್ಪು. ಆ ಅರ್ಥವಿರುವುದು ಸಹಾಯಕವು ನಿಶ್ಚಯಾರ್ಥದ ವರ್ತಮಾನದಲ್ಲಿದ್ದಾಗ, ಅಂದರೆ ‘ತೆನ್ಯು, ತೆಂಯ್’ ಎಂಬ ಸಾಲಿನಲ್ಲಿ ಮಾತ್ರ. ‘ಕ್ವಾಂದು ಶೆಗೇಯ್, ಏಲ್ ಜಾ ತೀನ್ಯ ಸಯೀದು’ ಎಂದರೆ ‘ನಾನು ತಲುಪುವಷ್ಟರಲ್ಲಿ ಅವನು ಹೊರಟುಹೋಗಿದ್ದ’. ಒಂದೇ ಸಲದ ಮಾತು. ಹಾಗೆಯೇ ಆಶಯ, ಸಂಶಯಗಳನ್ನು ಹೇಳುವ ಸಂಭಾವನಾರ್ಥದಲ್ಲಿ ‘ಇಶ್ಪೆರು ಕೆ ತೆನ್ಯಶ್ ಶೆಗಾದು ಬೆಂಯ್’ ಎಂದರೆ ‘ಸುಖವಾಗಿ ತಲುಪಿದ್ದೀಯೆಂದು ಭಾವಿಸುತ್ತೇನೆ’; ಇಲ್ಲಿಯೂ ತಲುಪಿದ್ದು ಒಮ್ಮೆಯೇ. ‘ತೆನ್ಯು’ ಎಂಬುದಕ್ಕೂ ‘ತೆನ್ಯಶ್’ ಎಂಬುದಕ್ಕೂ ಕಿವಿಗೆ ಅಷ್ಟೊಂದು ಅಂತರವಿಲ್ಲದಿರುವುದರಿಂದ ಓದುವಾಗ ವಿಶೇಷ ಗಮನ ಬೇಕು.

ಹಿಂದೆ ಇದ್ದು ಈಗ ಬಿಟ್ಟುಹೋದ ರೂಢಿಗೂ ಸಂಯುಕ್ತ ಕಾಲ ಸಲ್ಲದು. ‘ಚಿಕ್ಕಂದಿನಲ್ಲಿ ದಿನವೂ ಕೊಂಕಣಿ ಮಾತನಾಡುತ್ತಿದ್ದೆ’ ಎನ್ನಲು ‘ಫಲಾವ’ ಎಂಬ ಅಪೂರ್ಣ ಭೂತಕಾಲವಿದೆ. ‘ಮಾತನಾಡುತ್ತಿದ್ದೆ’ ಎಂಬುದಕ್ಕೆ ‘ಫಲಾವ’, ‘ಮಾತನಾಡುತ್ತಾ ಬಂದಿದ್ದೇನೆ’ ಎಂಬುದಕ್ಕೆ ‘ತೆನ್ಯು ಫಲಾದು’, ‘ಮಾತನಾಡಿದ್ದೇನೆ’ ಎಂಬುದಕ್ಕೆ ‘ಫಲೇಯ್’.

9. ನಿಮ್ಮದೇ ವಾರವನ್ನು ಬರೆದು ನೋಡಿ

ಪಠ್ಯಪುಸ್ತಕದ ಅಭ್ಯಾಸಗಳು ಒಂದೊಂದೇ ಬಿಡಿ ವಾಕ್ಯವನ್ನು ಕೊಡುತ್ತವೆ, ಅಲ್ಲಿ ಕಾಲವನ್ನು ಆರಿಸುವ ಕಷ್ಟ ಕಾಣಿಸುವುದಿಲ್ಲ. ಬೇರೆ ಬೇರೆ ಕಾಲಗಳು ಬೆರೆತ ಪುಟ್ಟ ಕಂಡಿಕೆಯನ್ನು ಕನ್ನಡದಲ್ಲಿ ಬರೆದು, ಪ್ರತಿ ಕ್ರಿಯಾಪದವನ್ನೂ ಮೊದಲ ಹಂತದ ಪರೀಕ್ಷೆಗೆ ಒಡ್ಡಿ, ಆಮೇಲೆ ಪೋರ್ಚುಗೀಸಿಗೆ ತನ್ನಿ. ಮಾದರಿಗೆ ವಾಸ್ಕೊದ ಮಳೆಗಾಲದ ಒಂದು ವಾರ:

‘ಈಚೆಗೆ ವಾಸ್ಕೊದಲ್ಲಿ ಬಹಳ ಮಳೆ ಬರುತ್ತಿದೆ. ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ನಿನ್ನೆ ಬಸ್ಸು ತಪ್ಪಿಹೋಯಿತು. ಮೂರು ವರ್ಷದಿಂದ ಇಲ್ಲಿ ವಾಸವಾಗಿದ್ದೇನೆ, ಇಷ್ಟು ಮಳೆ ನೋಡಿಯೇ ಇಲ್ಲ.’

‘ಬರುತ್ತಿದೆ’ ಮತ್ತು ‘ಹೋಗುತ್ತಿದ್ದೇನೆ’ ಎರಡನ್ನೂ ‘ಬರುತ್ತಾ ಬಂದಿದೆ’, ‘ಹೋಗುತ್ತಾ ಬಂದಿದ್ದೇನೆ’ ಎಂದು ಬದಲಾಯಿಸಬಹುದು; ಅವೆರಡೂ ಸಂಯುಕ್ತ ಕಾಲ. ‘ತಪ್ಪಿಹೋಯಿತು’ ಎಂಬಲ್ಲಿ ‘ನಿನ್ನೆ’ ಇದೆ, ಸರಳ ಭೂತ. ‘ಮೂರು ವರ್ಷದಿಂದ ವಾಸ’ ವರ್ತಮಾನ. ‘ನೋಡಿಯೇ ಇಲ್ಲ’ ಜೀವನಾನುಭವ, ಮತ್ತೆ ಸರಳ ಭೂತ. ಹೀಗೆ:

‘ಉಲ್ತಿಮಮೆಂತ್ ತೆಂಯ್ ಶುವೀದು ಮುಂಯ್ತು ಎಂಯ್ ವಾಶ್ಕು. ತೆನ್ಯು ಈದು ಪರ ಉ ತ್ರಬಾಲ್ಯು ದೆ ಅವ್ತುಕಾರು. ಓಂತೆಂಯ್ ಪೆರ್ದೀ ಉ ಅವ್ತುಕಾರು. ಮೋರು ಅಕೀ ಆ ತ್ರೇಜ್ ಆನುಶ್ ಇ ನುಂಕ ವೀ ತಾಂತ ಶೂವ.’

ಕೊನೆಯ ವಾಕ್ಯವನ್ನು ಕನ್ನಡದಲ್ಲಿ ‘ಇಷ್ಟು ಮಳೆ ನೋಡಿರಲಿಲ್ಲ’ ಎಂದು ಬರೆದಿದ್ದರೆ ಪೋರ್ಚುಗೀಸಿನಲ್ಲೂ ‘ನುಂಕ ತೀನ್ಯ ವೀಶ್ತು’ ಎಂದಾಗುತ್ತಿತ್ತು: ಈ ಮಳೆ ಬರುವವರೆಗೆ ಕಂಡಿರಲಿಲ್ಲ, ಈಗ ಕಂಡೆ. ಎರಡೂ ಸರಿ. ‘ನುಂಕ ತೆನ್ಯು ವೀಶ್ತು’ ಎಂದು ಬರೆದಿದ್ದರೆ ಮಾತ್ರ ಅದನ್ನು ಹೊಡೆದುಹಾಕಿ, ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿದ್ದಿರಾ ಎಂದು ನೋಡಿಕೊಳ್ಳಿ.